ಬಿದನೂರಿನ ದತ್ತಕವೂ ನಮ್ಮ ಸೀಮೆಯ ಪಾಳೆಯಗಾರರೂ

ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೂ, ೨೦೧೮ರಲ್ಲಿ ಮರಳಿ ಬಳ್ಳಾರಿಗೂ, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೂ ಸೇರಿತು. ಕಾಲು ಶತಮಾನದೊಳಗೆ ಮೂರು ಜಿಲ್ಲಾ ಕಚೇರಿಗಳ ಮೆಟ್ಟಿಲು ಹತ್ತಿದ ಜನರಿಗೆ, ಹದಿನೆಂಟನೆಯ ಶತಮಾನದಲ್ಲಿ ಇದೇ ಸೀಮೆಯ ನಾಯಕರು ‘ಈ ವರ್ಷದ ಕಪ್ಪವನ್ನು ಯಾರಿಗೆ ಸಲ್ಲಿಸತಕ್ಕದ್ದು’ ಎಂದು ಪಟ್ಟ ಸಂಕಟವು ಸುಲಭವಾಗಿ ಅರ್ಥವಾದೀತು. ಆ ಸಂಕಟವು ಬಲಿತುದಕ್ಕೆ ಮುಖ್ಯ ಕಾರಣವು ಇಲ್ಲಿಯದಲ್ಲ. ಮಲೆನಾಡಿನ ಬಿದನೂರಿನಲ್ಲಿ ಹುಟ್ಟಿದ ಒಂದು ಪಟ್ಟದ ವ್ಯಾಜ್ಯವೆಂದು ನಮ್ಮ ಅಭಿಪ್ರಾಯ.

ಕೆಳದಿಯ ವಂಶದ ಇಮ್ಮಡಿ ಬಸಪ್ಪನಾಯಕನು ೧೭೫೪ರ ಸುಮಾರಿಗೆ ಕಾಲವಾದನು. ದತ್ತುಪುತ್ರನಾದ ಚನ್ನಬಸಪ್ಪನಾಯಕನಿಗೆ ಪಟ್ಟವಾಯಿತು. ರಾಣಿ ವೀರಮ್ಮಾಜಿಯು ರಾಜ್ಯಭಾರವನ್ನು ನೋಡಿಕೊಂಡಳು. ೧೭೫೭ರ ಸುಮಾರಿಗೆ ಹುಡುಗನು ಮಡಿದನು. ರಾಣಿಯೇ ಕೊಲ್ಲಿಸಿದಳೆಂಬ ಅಪವಾದವು ಹಬ್ಬಿತು. ಆಕೆಯು ಸೋಮಶೇಖರನೆಂಬ ಮತ್ತೊಬ್ಬ ಬಾಲಕನನ್ನು ದತ್ತು ತೆಗೆದುಕೊಂಡು ಆಳಿದಳು. ಈ ಅಪವಾದವನ್ನು ಕರ್ನಲ್ ವಿಲ್ಕ್ಸನು ವಿಸ್ತಾರವಾಗಿ ಬರೆದಿರುವನು. ಸೋತವರ ನಡತೆಯನ್ನು ಗೆದ್ದವರ ಪಕ್ಷದ ಮಾತಿನಿಂದ ತೀರ್ಮಾನಿಸುವುದು ನ್ಯಾಯವಲ್ಲವೆಂಬುದನ್ನು, ಕಚೇರಿಯಲ್ಲಿ ಸಾಕ್ಷಿಗಳನ್ನು ಕೇಳಿ ಅಭ್ಯಾಸವುಳ್ಳ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಇಷ್ಟಾದರೂ ಇದು ಬಿದನೂರಿನ ಮನೆಯೊಳಗಿನ ಮಾತಾಗಿಯೇ ಉಳಿಯಬಹುದಾಗಿತ್ತು. ಆದರೆ ಶಿರಾ ಸೀಮೆಯನ್ನು ವಶಪಡಿಸಿಕೊಂಡ ಹೈದರನು ಬಡಗಲ ಪಾಳೆಯಪಟ್ಟುಗಳ ಮೇಲೆ ತಿರುಗಿದನು. ರಾಯದುರ್ಗವೂ ಹರಪನಹಳ್ಳಿಯೂ ಬೇಗನೆ ತಲೆಬಾಗಿದವು. ಚಿತ್ರದುರ್ಗವು ತಡಮಾಡಿದುದರಿಂದ ಅದರ ಸೀಮೆಯು ಕೊಳ್ಳೆಹೋಗಿ, ದಂಡವನ್ನೂ ತೆರಬೇಕಾಯಿತು. ಆಗ, ೧೭೬೩ರ ಆರಂಭದಲ್ಲಿ, ದುರ್ಗದ ನಾಯಕನು ಒಬ್ಬ ತರುಣನನ್ನು ಹೈದರನೆದುರು ನಿಲ್ಲಿಸಿದನು. ‘ನಾನೇ ಚನ್ನಬಸಪ್ಪನು, ಕೊಲ್ಲಲು ನೇಮಿಸಿದವನೇ ನನ್ನನ್ನು ಬಚ್ಚಿಟ್ಟು ಕಾಪಾಡಿದನು’ ಎಂಬುದು ಆ ತರುಣನ ಹೇಳಿಕೆ.

ದುರ್ಗದವರಿಗೆ ಬಿದನೂರಿನ ಧರ್ಮಾಧರ್ಮಗಳ ಚಿಂತೆ ಏಕೆ? ಇದನ್ನರಿಯಲು ಹದಿನೈದು ವರ್ಷ ಹಿಂದಕ್ಕೆ, ಮಾಯಕೊಂಡದ ಬಯಲಿಗೆ ಹೋಗಬೇಕು. ಅಲ್ಲಿ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ದಂಡು ಒಂದಾಗಿ ಚಿತ್ರದುರ್ಗದ ಹಿರೇಮದಕರಿನಾಯಕನನ್ನು ಎದುರಿಸಿತು. ಹರಪನಹಳ್ಳಿಯ ಸೋಮಶೇಖರನಾಯಕನ ಕೈಯಿಂದ ಆತನು ಹತನಾದನು. ಆ ರಕ್ತವು ದುರ್ಗದ ಮನೆಯಲ್ಲಿ ಆರಿರಲಿಲ್ಲ. ಹೈದರನಿಗೆ ದಾರಿ ತೋರಿಸಿದುದು ನ್ಯಾಯಪ್ರೇಮವಲ್ಲ, ಹಳೆಯ ಹಗೆಯೆಂದು ಊಹಿಸುವುದೇ ಯುಕ್ತ. ಮೇಲೆ ಬಿದ್ದ ಭಾರವನ್ನು ನೆರೆಯವನ ಹೆಗಲಿಗೆ ದಾಟಿಸುವ ಆಸೆಯೂ ಅದರೊಡನೆ ಸೇರಿದ್ದೀತು.

ದುರ್ಗದ ನಾಯಕನು ಆ ತರುಣನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದರೆ? ಹೈದರನು ಹೇಗೂ ಹೋಗುತ್ತಿದ್ದನೆಂದು ಹೇಳಬಹುದು; ಮೆಣಸು, ಅಡಕೆ, ಅಕ್ಕಿಗಳ ಆ ಸಂಪತ್ತು ಕಣ್ಣಿಗೆ ಬೀಳದೆ ಇರುವಂಥದಲ್ಲ. ಆದರೆ ಬೆಟ್ಟ, ಕಾಡು, ಕಡಂಗಗಳಿಂದ ಕಾವಲಾದ ಬಿದನೂರನ್ನು ತೆರೆದುದು ತೋಪಲ್ಲ, ಸಂಶಯ. ‘ನಿಜವಾದ ದೊರೆಯನ್ನು ಕರೆತರುತ್ತಿದ್ದೇನೆ’ ಎಂಬ ಘೋಷಣೆಯು ಜನರ ಮನಸ್ಸನ್ನು ಇಬ್ಭಾಗ ಮಾಡಿತು. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಿಂದಿನ ಪ್ರಧಾನಿ ಲಿಂಗಣ್ಣನು ಗುಪ್ತಮಾರ್ಗವನ್ನು ತೋರಿಸಿಕೊಟ್ಟನು. ರಾಣಿಯು ಕಡೆಗೆ ಹದಿನೆಂಟು ಲಕ್ಷ ವರಹಗಳನ್ನು ಕೊಡುವೆನೆಂದರೂ ದಂಡು ನಿಲ್ಲಲಿಲ್ಲ. ಮಾರ್ಚಿ ತಿಂಗಳಲ್ಲಿ ನಗರವು ಬಿದ್ದಿತು. ಪಟ್ಟದ ವಿಷಯದಲ್ಲಿ ನೆರೆಯ ನಾಲ್ಕು ಸಂಸ್ಥಾನಗಳು ಒಂದೇ ಮಾತಾಡಿದ್ದರೆ ಲಿಂಗಣ್ಣನ ಗುಟ್ಟಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ಬಿದನೂರಿನ ಬೊಕ್ಕಸವೂ ಮಂಗಳೂರಿನ ಬಂದರವೂ ದೊರೆಯದೆ ಇದ್ದಿದ್ದರೆ ಹೈದರನು ಹಡಗುಗಳ ಪಡೆಯನ್ನು ಕಟ್ಟುತ್ತಿದ್ದನೇ, ೧೭೬೬ರಲ್ಲಿ ಮಲಬಾರಿಗೆ ಇಳಿಯುತ್ತಿದ್ದನೇ ಎಂಬುದು ಸಂದೇಹ. ೧೭೭೯ರಲ್ಲಿ ಚಿತ್ರದುರ್ಗವನ್ನೇ ನುಂಗಿದ ಬಲದ ಬೇರೂ ಅಲ್ಲಿಯೇ ಇದ್ದಿತು. ಆದರೂ ಸ್ವರ್ಣಯುಗವನ್ನು ಕಲ್ಪಿಸಲು ನಾವು ಸಿದ್ಧರಿಲ್ಲ. ಪೇಶ್ವೆ ಮಾಧವರಾಯನ ಕುದುರೆಗಳು ಮುಂದಿನ ವರ್ಷವೇ ತುಂಗಭದ್ರೆಯನ್ನು ದಾಟಿದವು. ವಿಧವೆಯೂ ಬಾಲಕನೂ ಆಳುವ ರಾಜ್ಯವನ್ನು ಅವರು ಸುಮ್ಮನೆ ಬಿಡುತ್ತಿದ್ದರೆಂದು ನಂಬಲಾಗದು. ಹರಪನಹಳ್ಳಿಗೂ, ಕೂಡ್ಲಿಗಿಯ ಸೀಮೆಯ ಗುಡೇಕೋಟೆ, ಜರಿಮಲೆಗಳಂಥ ಸಣ್ಣ ಪಾಳೆಯಪಟ್ಟುಗಳಿಗೂ ಕಪ್ಪವೇನೂ ತಪ್ಪುತ್ತಿರಲಿಲ್ಲ, ವಸೂಲಿಗೆ ಬರುವವನ ಪೇಟದ ಬಣ್ಣ ಮಾತ್ರ ಬೇರೆಯಾಗುತ್ತಿತ್ತು. ಆದರೆ ಕೆಲವು ದಶಕಗಳ ಬಿಡುವು ಸಿಕ್ಕಿದ್ದರೂ ಸಾಕಾಗಿತ್ತು: ೧೮೦೦ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟಾಗ, ಮನ್ರೋ ಸಾಹೇಬನೆದುರು ನಿಂತು ಮಾತನಾಡುವ ಒಂದೆರಡು ಗಟ್ಟಿ ಸಂಸ್ಥಾನಗಳಾದರೂ ಉಳಿದಿರುತ್ತಿದ್ದವು. ದತ್ತಕದ ಮಾತನ್ನು ಹೊರಗಿನವನು ನಿರ್ಣಯಿಸುವ ಪದ್ಧತಿಯು ೧೮೨೪ರಲ್ಲಿ ಕಿತ್ತೂರಿನ ಬಾಗಿಲಿಗೂ ಬಂದುದನ್ನು ಎಲ್ಲರೂ ಬಲ್ಲರು.

ಆ ತರುಣನಿಗೆ ಪಟ್ಟವಾಗಲಿಲ್ಲ. ಬಿದನೂರು ಹೈದರನಗರವಾಯಿತು. ಸೆರೆಸಿಕ್ಕ ವೀರಮ್ಮಾಜಿಯನ್ನೂ ಸೋಮಶೇಖರನನ್ನೂ ಮಧುಗಿರಿಯ ಕೋಟೆಗೆ ಕಳುಹಿಸಲಾಯಿತು. ಚನ್ನಬಸಪ್ಪನೆಂದು ಹೇಳಿಕೊಂಡವನನ್ನೂ ಅವರ ಜೊತೆಯಲ್ಲಿಯೇ ಅಲ್ಲಿಗೆ ಕಳುಹಿಸಿದರು. ೧೭೬೭ರಲ್ಲಿ ಮರಾಠರು ಮಧುಗಿರಿಯನ್ನು ಹಿಡಿದು ರಾಣಿಯನ್ನು ಬಿಡಿಸಿದರು. ಪುಣೆಗೆ ಹೋಗುವ ದಾರಿಯಲ್ಲಿ ಆಕೆಯು ತೀರಿಕೊಂಡಳು.