ಒಂದು ಸಣ್ಣ ಕಾರೂ ಅದರ ಮಾರುಕಟ್ಟೆಯೂ: ಬೆಂಗಳೂರಿನ ‘ರೇವಾ’ ವಾಹನದ ಚರಿತ್ರೆ

ಹೊಸ ವಸ್ತುವೊಂದು ಹುಟ್ಟಿ, ಬೆಳೆದು, ಜಗತ್ತಿನ ಮಾರುಕಟ್ಟೆಗೆ ಹೋಗುವ ಬಗೆಯನ್ನು ತರಗತಿಯಲ್ಲಿ ವಿವರಿಸಬೇಕಾದಾಗ ನಾವು ಸಾಮಾನ್ಯವಾಗಿ ದೂರದ ಉದಾಹರಣೆಗಳನ್ನೇ ಆರಿಸಿಕೊಳ್ಳುತ್ತೇವೆ. ಡೆಟ್ರಾಯಿಟಿನ ಫೋರ್ಡ್, ಟ್ಯೂರಿನ್ ನಗರದ ಫಿಯಟ್ ಮುಂತಾದ ಹೆಸರುಗಳು ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಾಲೇಜು ವಿದ್ಯಾರ್ಥಿಗಳಿಗೂ ಪರಿಚಿತವಾದವು. ಆದರೆ ಅದೇ ಬಗೆಯ ಪ್ರಯತ್ನವೊಂದು ನಮ್ಮ ರಾಜ್ಯದ ರಾಜಧಾನಿಯಲ್ಲಿಯೇ ನಡೆದು, ಅಲ್ಲಿ ತಯಾರಾದ ಪುಟ್ಟ ಕಾರೊಂದು ಇಪ್ಪತ್ತಕ್ಕೂ ಮಿಕ್ಕ ದೇಶಗಳಿಗೆ ಹೋಯಿತೆಂಬ ಸಂಗತಿ ನಮ್ಮ ಪಾಠಗಳಲ್ಲಿ ಅಷ್ಟಾಗಿ ಕಾಣಿಸಿಕೊಂಡಿಲ್ಲ. ಆ ಕಾರು ‘ರೇವಾ’. ಅದರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿ, ಒಂದು ಪ್ರಶ್ನೆಯನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ. ಒಳ್ಳೆಯ ವಸ್ತುವನ್ನು ತಯಾರಿಸಿದ ಮಾತ್ರಕ್ಕೆ ಮಾರುಕಟ್ಟೆ ತಾನಾಗಿ ಒದಗುತ್ತದೆಯೆ? ಅಥವಾ ಆ ವಸ್ತು ನಿಲ್ಲಲು ಬೇಕಾದ ನೆಲೆಯನ್ನು ಕಾಯಿದೆಯೂ ತೆರಿಗೆಯೂ ಸಿದ್ಧಪಡಿಸಬೇಕಾಗುತ್ತದೆಯೆ?

ಹೋಲಿಕೆಗೆಂದು ಮೊದಲು ಇಟಲಿಯ ಕಾರೊಂದನ್ನು ನೋಡೋಣ. ಹಿಂಭಾಗದಲ್ಲಿ ಮೇಲಕ್ಕೆ ತೆರೆಯುವ ಬಾಗಿಲುಳ್ಳ, ಸಾಮಾನಿನ ಜಾಗವೂ ಕೂರುವ ಜಾಗವೂ ಒಂದೇ ಗೂಡಿನಲ್ಲಿರುವ ಸಣ್ಣ ಕಾರನ್ನು ಹ್ಯಾಚ್‌ಬ್ಯಾಕ್ ಎಂದು ಕರೆಯುವುದು ರೂಢಿ. ಈ ವರ್ಗದ ಪ್ರಸಿದ್ಧ ವಾಹನವಾದ ಫಿಯಟ್ ಯೂನೋ 1983ರ ಜನವರಿಯಲ್ಲಿ ಪ್ರಕಟವಾಯಿತು. ಇದರ ಆಕಾರವನ್ನು ರೂಪಿಸಿದವರು ಜಾರ್ಜೆಟ್ಟೊ ಜುಜಾರೊ. ಕಾರನ್ನು ಉದ್ದವಾಗಿ ಎಳೆಯುವ ಬದಲು ತುಸು ಎತ್ತರವಾಗಿ ಕಟ್ಟಿದರೆ ಒಳಗೆ ಹೆಚ್ಚು ಸ್ಥಳ ದೊರೆಯುವುದೆಂಬುದು ಅವರ ವಿಚಾರವಾಗಿತ್ತು. 1984ರಲ್ಲಿ ಇದಕ್ಕೆ ಯೂರೋಪಿನ ‘ವರ್ಷದ ಕಾರು’ ಎಂಬ ಮನ್ನಣೆ ದೊರೆಯಿತು. ಇಟಲಿಯಲ್ಲದೆ ಬ್ರೆಜಿಲ್ ಮೊದಲಾದ ದೇಶಗಳಲ್ಲಿಯೂ ಇದು ತಯಾರಾಗಿ, ಒಟ್ಟು ಸಂಖ್ಯೆ ಸುಮಾರು 88 ಲಕ್ಷವನ್ನು ಮುಟ್ಟಿತು.

ಇಂಥ ಜಯಶಾಲಿ ವಾಹನದ ಬಾಳಿನಲ್ಲಿಯೂ ಕಾಯಿದೆಯ ಪಾತ್ರ ದೊಡ್ಡದೆಂಬುದನ್ನು ಗಮನಿಸಬೇಕು. 1990ರಲ್ಲಿ ಬ್ರೆಜಿಲ್ ಸರ್ಕಾರವು ಒಂದು ಲೀಟರಿಗೆ ಮೀರದ ಇಂಜಿನ್ನಿನ ಕಾರುಗಳ ಮೇಲಣ ತೆರಿಗೆಯನ್ನು ಇಳಿಸಿತು. ಅದೇ ವರ್ಷ ಫಿಯಟ್ ಸಂಸ್ಥೆ ಆ ಮಿತಿಯೊಳಗೆ ನಿಲ್ಲುವಂತೆ ‘ಯೂನೋ ಮಿಲ್ಲೆ’ ಎಂಬ ರೂಪವನ್ನು ಹೊರತಂದಿತು. ಅಗ್ಗದ ಕಾರಿನ ಒಂದು ಹೊಸ ಮಾರುಕಟ್ಟೆಯೇ ಅಲ್ಲಿ ತೆರೆದುಕೊಂಡಿತು. ಎರಡು ದಶಕಗಳ ನಂತರ, 2014ರಿಂದ ಗಾಳಿಚೀಲವೂ ಜಾರದ ಬ್ರೇಕಿನ ವ್ಯವಸ್ಥೆಯೂ ಕಡ್ಡಾಯವೆಂಬ ನಿಯಮ ಜಾರಿಗೆ ಬರಲಿದ್ದಾಗ, 2013ರ ಅಂತ್ಯಕ್ಕೆ ಮಿಲ್ಲೆಯ ತಯಾರಿಕೆ ನಿಂತುಹೋಯಿತು. ಬಾಗಿಲನ್ನು ತೆರೆದದ್ದು ಒಂದು ಕಾಯಿದೆ, ಮುಚ್ಚಿದ್ದು ಇನ್ನೊಂದು ಕಾಯಿದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಈಗ ಬೆಂಗಳೂರಿಗೆ ಬರೋಣ.

ರೇವಾದ ಮೂಲ 1990ರ ಸೌರವಾಹನ ಸ್ಪರ್ಧೆಗಳಲ್ಲಿದೆ. ಆ ವರ್ಷ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಾವೇ ಕಟ್ಟಿದ ಸೌರವಾಹನದಿಂದ ಅಲ್ಲಿನ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದು, ಆಸ್ಟ್ರೇಲಿಯದ ಜಾಗತಿಕ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನವನ್ನು ಪಡೆದರು. ಆ ತಂಡದಲ್ಲಿದ್ದ ಬೆಂಗಳೂರಿನ ಯುವಕ ಚೇತನ್ ಮೈನಿ. ಮುಂದೆ ಸ್ಟ್ಯಾನ್‌ಫರ್ಡಿನಲ್ಲಿ ವ್ಯಾಸಂಗ ಮಾಡಿದ ಅವರು ಕ್ಯಾಲಿಫೋರ್ನಿಯದ ಅಮೆರಿಗಾನ್ ಎಂಬ ಸಂಸ್ಥೆಯಲ್ಲಿ ವಿದ್ಯುತ್ ವಾಹನಗಳ ಕೆಲಸದಲ್ಲಿ ತೊಡಗಿದರು. ಅವರ ತಂದೆ ಸುದರ್ಶನ್ ಮೈನಿ ಬೆಂಗಳೂರಿನಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಉದ್ಯಮವನ್ನು 1973ರಲ್ಲಿ ಸ್ಥಾಪಿಸಿದ್ದರು. 1994ರಲ್ಲಿ ಈ ಉದ್ಯಮವೂ ಅಮೆರಿಕದ ಸಂಸ್ಥೆಯೂ ಕೂಡಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಆರಂಭಿಸಿದವು. ‘ರೇವಾ’ ಎಂಬುದು ಚೇತನ್ ಅವರ ತಾಯಿಯ ಹೆಸರು. ಏಳು ವರ್ಷಗಳ ಸಂಶೋಧನೆ, ಪರೀಕ್ಷೆಗಳ ನಂತರ 2001ರಲ್ಲಿ ಈ ಕಾರು ಬೆಂಗಳೂರಿನ ಬೀದಿಗಿಳಿಯಿತು.

ವಾಹನದ ರಚನೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ. ಏಕೆಂದರೆ ಅದರ ಗುಣದೋಷಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಇದರ ಉದ್ದ ಕೇವಲ 2.6 ಮೀಟರು, ಅಗಲ 1.3 ಮೀಟರು. ಎರಡು ಪಕ್ಕದ ಬಾಗಿಲುಗಳು, ಹಿಂದೊಂದು ಬಾಗಿಲು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರಬಹುದು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹಲಗೆಗಳ ಹೊದಿಕೆ. ಈ ಹಲಗೆಗಳಲ್ಲಿಯೇ ಬಣ್ಣ ಬೆರೆತಿರುವುದರಿಂದ ಮೇಲೆ ಬಳಿಯುವ ಕೆಲಸವಿಲ್ಲ. ಉಕ್ಕಿನ ತಗಡನ್ನು ಒತ್ತುವ ಭಾರಿ ಯಂತ್ರಗಳನ್ನೂ ಬಣ್ಣದ ಶಾಲೆಯನ್ನೂ ಬಿಟ್ಟುಬಿಟ್ಟರೆ ಸಣ್ಣ ಬಂಡವಾಳದಿಂದಲೂ ಕಾರು ತಯಾರಿಸಬಹುದು. ವರ್ಷಕ್ಕೆ ಲಕ್ಷಗಟ್ಟಲೆ ಮಾರಿದರೆ ಮಾತ್ರ ಉಳಿಯುವ ಯೂನೋದಂಥ ಕಾರಿಗೂ ಇದಕ್ಕೂ ಇರುವ ಮುಖ್ಯ ಅಂತರ ಇದೇ.

ಗಾಡಿಯನ್ನು ನಡೆಸುವುದು ತಲಾ ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಒಟ್ಟು 48 ವೋಲ್ಟು, ಸುಮಾರು 200 ಆಂಪಿಯರ್-ಗಂಟೆ. ಎರಡನ್ನೂ ಗುಣಿಸಿದರೆ 9.6 ಕಿಲೋವಾಟ್-ಗಂಟೆ. ಅಂದರೆ ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಹತ್ತು ಯೂನಿಟ್ಟಿಗೂ ಕಡಿಮೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಹೆಚ್ಚು ಕಡಿಮೆ ಒಂಬತ್ತು ಯೂನಿಟ್ಟು. ಹೀಗೆ ಗಾಡಿಯ ಒಟ್ಟು ತೂಕದಲ್ಲಿ ಮೂರನೆಯ ಒಂದು ಭಾಗವನ್ನೂ ಮೀರುವ ಆ ಎಂಟು ಬ್ಯಾಟರಿಗಳು ಹೊತ್ತಿರುವುದು ಸುಮಾರು ಒಂದು ಲೀಟರ್ ಪೆಟ್ರೋಲಿನ ಶಕ್ತಿಯನ್ನು ಮಾತ್ರ! ಆದರೂ ಕಾರು ಒಮ್ಮೆ ತುಂಬಿದ ವಿದ್ಯುತ್ತಿನಿಂದ 80 ಕಿ.ಮೀ. ಓಡುತ್ತಿತ್ತು. ಪೆಟ್ರೋಲ್ ಇಂಜಿನ್ನು ತನಗೆ ದೊರೆತ ಶಕ್ತಿಯ ಬಹುಪಾಲನ್ನು ಶಾಖವಾಗಿ ಕಳೆದರೆ, ವಿದ್ಯುತ್ ಮೋಟಾರು ಬಹುಪಾಲನ್ನು ಚಲನೆಯಾಗಿ ಮಾರ್ಪಡಿಸುವುದೇ ಇದಕ್ಕೆ ಕಾರಣ. ಬ್ಯಾಟರಿಯನ್ನು ಪೂರ್ತಿ ತುಂಬಲು ಎಂಟು ಗಂಟೆ, ಶೇಕಡ 80ರಷ್ಟು ತುಂಬಲು ಎರಡೂವರೆ ಗಂಟೆ ಬೇಕಾಗಿತ್ತು. ಮೊದಲ ಕಾರುಗಳ ಗರಿಷ್ಠ ವೇಗ ಗಂಟೆಗೆ 65 ಕಿ.ಮೀ.; ಮುಂದೆ ಮೋಟಾರು ಬದಲಾದಾಗ ಅದು 80ಕ್ಕೆ ಏರಿತು.

ಈ ಅಂಕಿಗಳ ಅರ್ಥವನ್ನು ನಮ್ಮ ನೆಲದ ಮೇಲೆ ಅಳೆದು ನೋಡಬಹುದು. ಕಲಬುರಗಿಯಿಂದ ಶಹಾಬಾದಿಗೆ ರೇವಾ ಹೋಗಿ ಬರಬಲ್ಲದು. ಸೇಡಂ ಐವತ್ತು ಕಿಲೋಮೀಟರಿಗೂ ಮಿಗಿಲು. ಅಲ್ಲಿಗೆ ಹೋಗಬಹುದು, ಆದರೆ ನಡುವೆ ಕೆಲವು ಗಂಟೆ ವಿದ್ಯುತ್ತು ತುಂಬದೆ ಮರಳಿ ಬರುವಂತಿಲ್ಲ. ಚಿಂಚೋಳಿಗಂತೂ ಒಂದು ಬದಿಯ ಪಯಣವೇ ಅನುಮಾನ. ಒಂದೂರಿನಿಂದ ಇನ್ನೊಂದೂರಿಗೆ ದೂರ ಹೆಚ್ಚಿರುವ ಇಂಥ ಪ್ರದೇಶಕ್ಕೆ ಹೇಳಿ ಮಾಡಿಸಿದ ವಾಹನ ಇದಲ್ಲ. ಇದು ನಗರದೊಳಗಿನ ವಾಹನ. ರಾತ್ರಿ ತಂಗುವಲ್ಲಿ ವಿದ್ಯುತ್ ಸಂಪರ್ಕವಿರುವವನ ವಾಹನ. ಅಂಥವರು ಬೆಂಗಳೂರಿನಲ್ಲಿ ಇದ್ದರು. ಆದರೆ ಅವರ ಕೈಗೆ ಅದೇ ಸುಮಾರಿನ ಬೆಲೆಗೆ ನಾಲ್ಕು ಜನ ಕೂರುವ, ಊರಿಂದೂರಿಗೆ ಓಡುವ, ಎಲ್ಲೆಂದರಲ್ಲಿ ರಿಪೇರಿಯಾಗುವ ಪೆಟ್ರೋಲ್ ಕಾರು ಸಿಗುತ್ತಿತ್ತು. ಹೊಗೆಯುಗುಳದ ಗಾಡಿಯಿಂದ ಲಾಭವಾಗುವುದು ಊರಿಗೆಲ್ಲ. ಬೆಲೆ ತೆರುವವನು ಮಾತ್ರ ಒಬ್ಬನೇ. ಈ ಅಸಮತೆಯನ್ನು ಸರಿದೂಗಿಸುವ ಸ್ಥಿರವಾದ ರಾಷ್ಟ್ರೀಯ ನೀತಿ ಆಗ ನಮ್ಮಲ್ಲಿರಲಿಲ್ಲ. ಆದುದರಿಂದ ಸ್ವದೇಶದಲ್ಲಿ ಮಾರಾಟ ಮಂದವಾಗಿಯೇ ಉಳಿಯಿತು.

ಆ ಅಸಮತೆಯನ್ನು ಸರಿದೂಗಿಸಿದ ನಗರ ಲಂಡನ್. ಅಲ್ಲಿ 2003ರ ಫೆಬ್ರವರಿ 17ರಿಂದ, ನಗರದ ನಡುಭಾಗವನ್ನು ಕೆಲಸದ ವೇಳೆಯಲ್ಲಿ ಪ್ರವೇಶಿಸುವ ವಾಹನಗಳ ಮೇಲೆ ದಿನಕ್ಕೆ 5 ಪೌಂಡಿನ ದಟ್ಟಣೆ ಸುಂಕವನ್ನು ವಿಧಿಸಲಾಯಿತು. 2005ರ ಜುಲೈನಲ್ಲಿ ಅದು 8 ಪೌಂಡಾಯಿತು. ವಿದ್ಯುತ್ ವಾಹನಗಳಿಗೆ ಈ ಸುಂಕವಿರಲಿಲ್ಲ. ವರ್ಷಕ್ಕೆ 250 ಕೆಲಸದ ದಿನಗಳೆಂದು ಹಿಡಿದರೆ ಉಳಿತಾಯ 2,000 ಪೌಂಡು. ಅಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದ ರೇವಾದ ಬೆಲೆ ಏಳೆಂಟು ಸಾವಿರ ಪೌಂಡು. ಅಂದರೆ ನಾಲ್ಕು ವರ್ಷಗಳಲ್ಲಿ ಕಾರು ತನ್ನ ಬೆಲೆಯನ್ನು ತಾನೇ ತೀರಿಸುತ್ತಿತ್ತು. ಇದರ ಮೇಲೆ ರಸ್ತೆ ತೆರಿಗೆಯ ವಿನಾಯಿತಿ, ಕೆಲವೆಡೆ ನಿಲುಗಡೆಯ ರಿಯಾಯಿತಿ ಬೇರೆ. ನಗರದ ನಡುವೆ ವಾಹನಗಳ ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಕೂಡ ಇಲ್ಲದಿದ್ದುದರಿಂದ ಗಾಡಿಯ ನಿಧಾನಗತಿ ದೋಷವೆನಿಸಲಿಲ್ಲ. ಬೆಂಗಳೂರಿನಲ್ಲಿ ಕೊರತೆಯಾಗಿ ತೋರಿದ್ದೇ ಲಂಡನ್ನಿನಲ್ಲಿ ಅನುಕೂಲವಾಯಿತು. ಕಾರು ಬದಲಾಗಿರಲಿಲ್ಲ, ಅದು ನಿಂತ ನೆಲ ಬದಲಾಗಿತ್ತು.

ಯೂರೋಪಿನ ಮತ್ತೊಂದು ಕಾಯಿದೆಯೂ ಇದರ ಬೆನ್ನಿಗಿತ್ತು. ಬ್ಯಾಟರಿಯನ್ನು ಬಿಟ್ಟು 400 ಕಿಲೋಗ್ರಾಂ ತೂಕವನ್ನೂ 15 ಕಿಲೋವಾಟ್ ಸಾಮರ್ಥ್ಯವನ್ನೂ ಮೀರದ ನಾಲ್ಕು ಗಾಲಿಯ ಹಗುರ ಗಾಡಿಯನ್ನು ಅಲ್ಲಿ ಕಾರೆಂದು ಎಣಿಸದೆ ‘ಕ್ವಾಡ್ರಿಸೈಕಲ್’ ಎಂಬ ಪ್ರತ್ಯೇಕ ವರ್ಗಕ್ಕೆ ಆಗ ಸೇರಿಸುತ್ತಿದ್ದರು. ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಈ ವರ್ಗಕ್ಕೆ ಅನ್ವಯಿಸುತ್ತಿರಲಿಲ್ಲ. ರೇವಾ ಬ್ರಿಟನ್ನನ್ನು ಪ್ರವೇಶಿಸಿದ್ದು ಈ ಬಾಗಿಲಿನಿಂದ. ಆದರೆ ಕೊಳ್ಳುವವನ ಕಣ್ಣಿಗೆ ಅದು ಕಾರೇ. 2007ರಲ್ಲಿ ಅಲ್ಲಿನ ಮೋಟಾರು ಪತ್ರಿಕೆಯೊಂದು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಪರೀಕ್ಷೆ ಮಾಡಿಸಿದಾಗ, ಒಳಗೆ ಕುಳಿತವರಿಗೆ ಪ್ರಾಣಾಪಾಯದ ಪೆಟ್ಟಾಗುವ ಸಂಭವ ಕಂಡುಬಂದಿತು. ಸರ್ಕಾರವೂ ಪರೀಕ್ಷೆ ನಡೆಸಿತು. ನಿಯಮಕ್ಕೆ ವಿರುದ್ಧವಾದದ್ದು ಏನೂ ನಡೆದಿರಲಿಲ್ಲ. ಆದರೆ ನಿಯಮ ಕೇಳದಿದ್ದ ಪ್ರಶ್ನೆಯನ್ನು ಜನರು ಕೇಳತೊಡಗಿದರು. ತಯಾರಕರು ಗಾಡಿಯನ್ನು ಸುಧಾರಿಸುತ್ತ ಹೋದದ್ದು ನಿಜ. 2009ರಲ್ಲಿ ಲಿಥಿಯಂ ಬ್ಯಾಟರಿಯನ್ನು ಅಳವಡಿಸಿ ಓಟವನ್ನು 120 ಕಿ.ಮೀ.ಗೆ ಹೆಚ್ಚಿಸಿದ್ದೂ ಗಣನೀಯವಾದ ಸಾಧನೆಯೇ. ಆದರೆ ಅಷ್ಟರಲ್ಲಿ ದೊಡ್ಡ ಸಂಸ್ಥೆಗಳು ಪೂರ್ಣ ಪ್ರಮಾಣದ ವಿದ್ಯುತ್ ಕಾರುಗಳನ್ನು ಸಿದ್ಧಪಡಿಸತೊಡಗಿದ್ದವು. ಸುಂಕದ ವಿನಾಯಿತಿ ಅವಕ್ಕೂ ದೊರೆಯುವಂತಾದಾಗ ಪುಟ್ಟ ಗಾಡಿಯ ವಿಶೇಷ ಅನುಕೂಲ ಉಳಿಯಲಿಲ್ಲ.

2010ರ ಮೇ ತಿಂಗಳಿನಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಸಂಸ್ಥೆ ರೇವಾದ ಶೇಕಡ 55.2ರಷ್ಟು ಪಾಲನ್ನು ಕೊಂಡಿತು. ಅದೇ ವರ್ಷದ ಕೊನೆಯಲ್ಲಿ ಕೇಂದ್ರ ಸರ್ಕಾರವು ವಿದ್ಯುತ್ ವಾಹನಗಳಿಗೆ ಸಹಾಯಧನವನ್ನು ಘೋಷಿಸಿತು. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರುಗಳನ್ನು ತಯಾರಿಸಬಲ್ಲ ಹೊಸ ಕಾರ್ಖಾನೆ ಎದ್ದಿತು. ಆದರೆ ಆ ಸಹಾಯಧನ 2012ರ ಮಾರ್ಚಿಗೆ ಮುಗಿದುಹೋಯಿತು. ಹೊಸ ಕಾರಾದ ‘ಇ-ಟು-ಓ’ ಮಾರುಕಟ್ಟೆಗೆ ಬಂದದ್ದು 2013ರ ಮಾರ್ಚಿನಲ್ಲಿ. ಮಳೆ ನಿಂತ ಮೇಲೆ ಬಿತ್ತನೆಗೆ ಇಳಿದಂತಾಯಿತು. ಮುಂದಿನ ಯೋಜನೆ ಬಂದದ್ದು 2015ರ ಏಪ್ರಿಲಿನಲ್ಲಿ. 2019ರ ಏಪ್ರಿಲಿನಿಂದ ಅದರ ಎರಡನೆಯ ಹಂತ ಜಾರಿಗೆ ಬಂದಾಗ ಸ್ವಂತ ಬಳಕೆಯ ಕಾರುಗಳಿಗೆ ಸಹಾಯಧನ ಇಲ್ಲವಾಯಿತು. ಅದೇ ವರ್ಷ ಇ-ಟು-ಓ ಸಂತತಿಯ ಕೊನೆಯ ಕಾರು ನಿಂತುಹೋಯಿತು. ಇದನ್ನು ನೀತಿಯ ಫಲವೆಂದೇ ಪೂರ್ಣವಾಗಿ ಹೇಳುವಂತಿಲ್ಲ. ಬೆಲೆ, ಗಾತ್ರ, ಸುರಕ್ಷತೆಯ ಹೊಸ ಅಪೇಕ್ಷೆಗಳೂ ಕೂಡಿಕೊಂಡಿದ್ದವು. ಆದರೆ ಕಾರೊಂದನ್ನು ರೂಪಿಸಲು ಬೇಕಾಗುವ ಕಾಲಕ್ಕಿಂತ ನೀತಿಯ ಆಯುಸ್ಸು ಚಿಕ್ಕದಾಗಿದ್ದಲ್ಲಿ, ತಯಾರಕನು ಯಾವುದನ್ನು ನಂಬಿ ಬಂಡವಾಳ ಹೂಡಬೇಕು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಒಟ್ಟಿನಲ್ಲಿ ರೇವಾ ಸುಮಾರು 26 ದೇಶಗಳಿಗೆ ಹೋಗಿತ್ತು. ಮಾರಾಟವಾದ ಒಟ್ಟು ಗಾಡಿಗಳು ಸುಮಾರು 4,600. ಯೂನೋದ 88 ಲಕ್ಷದ ಪಕ್ಕದಲ್ಲಿಟ್ಟರೆ ಇದು ಎಷ್ಟರದು ಎಂದು ವಿದ್ಯಾರ್ಥಿ ಕೇಳಬಹುದು. ಸಂಖ್ಯೆಯ ದೃಷ್ಟಿಯಿಂದ ಏನೂ ಅಲ್ಲ. ಆದರೆ ಎರಡೂ ವಾಹನಗಳು ಒಂದೇ ನಿಯಮಕ್ಕೆ ಅಧೀನವಾಗಿದ್ದವೆಂಬುದನ್ನು ನಾವು ಕಂಡಿದ್ದೇವೆ. ಯೂನೋ ಹಲವು ಬಾಗಿಲುಗಳ ಮನೆ. ಒಂದು ಮುಚ್ಚಿದರೆ ಇನ್ನೊಂದರಿಂದ ಬದುಕಿತು. ಮೂವತ್ತು ವರ್ಷ ಅದು ಹೀಗೆ ಬಾಳಿತು. ರೇವಾಕ್ಕೆ ತೆರೆದಿದ್ದ ದೊಡ್ಡ ಬಾಗಿಲು ಒಂದೇ. ಅದೂ ಪರರಾಷ್ಟ್ರದ ಒಂದು ನಗರದಲ್ಲಿ.

ಆದರೂ ಆ ದುಡಿಮೆ ವ್ಯರ್ಥವಾಯಿತೆಂದು ನಾವು ತಿಳಿಯಬೇಕಾಗಿಲ್ಲ. ಸೀಸದಿಂದ ಲಿಥಿಯಮ್ಮಿನವರೆಗೆ ಬ್ಯಾಟರಿಯನ್ನು ನಡೆಸುವ, ಕಾಯುವ ವಿದ್ಯೆಯನ್ನು ಬೆಂಗಳೂರಿನ ಇಂಜಿನಿಯರುಗಳು ಕಲಿತದ್ದು ಈ ಕಾರಿನ ಮೇಲೆಯೇ. 2017ರಲ್ಲಿ ಕರ್ನಾಟಕವು ವಿದ್ಯುತ್ ವಾಹನಗಳಿಗಾಗಿಯೇ ಪ್ರತ್ಯೇಕ ನೀತಿಯನ್ನು ರೂಪಿಸಿದ ಮೊದಲ ರಾಜ್ಯವಾಯಿತು. ಚೇತನ್ ಮೈನಿಯವರು ಅದೇ ವರ್ಷ ಕೈಗೊಂಡ ಹೊಸ ಉದ್ಯಮವು ಗಾಡಿಯನ್ನು ತಯಾರಿಸುವುದಲ್ಲ. ಬರಿದಾದ ಬ್ಯಾಟರಿಯನ್ನು ಕಳಚಿ ತುಂಬಿದ ಬ್ಯಾಟರಿಯನ್ನು ಇಡುವ ನಿಲ್ದಾಣಗಳದು. ಗಾಡಿಗಿಂತ ಗಾಡಿ ನಿಲ್ಲುವ ನೆಲೆಯನ್ನು ಮೊದಲು ಕಟ್ಟಬೇಕೆಂಬ ತಿಳಿವಳಿಕೆ ಇದರ ಹಿಂದಿದೆಯೆಂದು ನಮಗೆ ತೋರುತ್ತದೆ.

ನಮ್ಮ ವಿದ್ಯಾರ್ಥಿಗಳು ಇದರಿಂದ ಗ್ರಹಿಸಬೇಕಾದದ್ದು ಇಷ್ಟು. ಹೊಸ ಯಂತ್ರವೊಂದನ್ನು ಕಂಡಾಗ ಅದು ಎಷ್ಟು ಚೆನ್ನಾಗಿದೆ ಎಂದು ಕೇಳುವುದು ಅರ್ಧ ಪ್ರಶ್ನೆ. ಅದು ಯಾವ ದಾರಿಯಲ್ಲಿ, ಯಾವ ಸುಂಕದ ಕೆಳಗೆ, ಯಾವ ಕಾಯಿದೆಯ ಲೆಕ್ಕದಲ್ಲಿ ಓಡಬೇಕಾಗಿದೆ ಎಂಬುದು ಉಳಿದರ್ಧ. ಸೇಡಂ ದಾರಿಯಲ್ಲಿ ಹೋಗಿ ಬರಬಲ್ಲ ಸಣ್ಣ ವಿದ್ಯುತ್ ಕಾರುಗಳು ಈಗ ಬಂದಿವೆ. ಆ ದಾರಿಯ ಮೇಲೆ ಅವುಗಳಿಗೆ ನೆಲೆ ಒದಗಿದೆಯೆ ಎಂಬುದನ್ನು ಅಳೆದು ನೋಡುವ ಕೆಲಸವನ್ನು ಈ ಭಾಗದ ಕಾಲೇಜುಗಳೇ ಕೈಗೊಳ್ಳಬೇಕಾಗಿದೆ.