ಒಂದು ಚುಕ್ಕೆ, ಎರಡು ಗೆರೆ

ಮೂಲಸ್ವರವೊಂದನ್ನು ಕೇಳಿಸಿ, ಮೇಲಿನ ಷಡ್ಜಕ್ಕೆ ಶ್ರುತಿ ಸೇರಿಸಿ ಎಂದರೆ ಪಳಗಿದ ಸಂಗೀತಗಾರರಿಗೆ ಕಷ್ಟವೇನಲ್ಲ. ಕಂಪನಸಂಖ್ಯೆ ಇಮ್ಮಡಿಯಾದರೆ ಆಯಿತು. ಆದರೆ ಆ ಸ್ವರದ ಜೊತೆ ಮೊಳಗುವ ಉಪಸ್ವರಗಳನ್ನು ಯಂತ್ರದಿಂದ ಹಿಗ್ಗಿಸಿಯೋ ಕುಗ್ಗಿಸಿಯೋ ಬಿಟ್ಟರೆ? 1980ರ ಸುಮಾರಿಗೆ ಕೋಹೆನ್ ಎಂಬ ಸಂಶೋಧಕಿ ಇದನ್ನೇ ಪರೀಕ್ಷಿಸಿದರು. ಉಪಸ್ವರ ಹಿಗ್ಗಿದ ಪ್ರಮಾಣ ಅಡ್ಡಕ್ಕೆ, ಸೇರಿಸಿದ ಶ್ರುತಿ ಮೇಲಕ್ಕೆ ಬರುವಂತೆ ಒಬ್ಬರೇ ಸಂಗೀತಗಾರರ 150 ಉತ್ತರಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಚುಕ್ಕೆಗಳು ಎರಡು ಗೆರೆಗಳ ಸುತ್ತ ನೆರೆಯುತ್ತವೆ. ಕೆಲವು ಸಲ ಕಿವಿ ನೆನಪಿನಲ್ಲಿದ್ದ ಇಮ್ಮಡಿಯನ್ನೇ ಹಿಡಿದಿತ್ತು; ಅದು ಅಡ್ಡಗೆರೆ. ಕೆಲವು ಸಲ ಹಿಗ್ಗಿದ ಉಪಸ್ವರದ ಬೆನ್ನು ಹತ್ತಿತ್ತು, ಅದು ಓರೆಗೆರೆ.

ಎಲ್ಲಕ್ಕೂ ಸೇರಿಸಿ, ಚುಕ್ಕೆಗಳಿಗೆ ಆದಷ್ಟು ಹತ್ತಿರ ಹಾಯುವ ಒಂದೇ ಗೆರೆ (ರಿಗ್ರೆಷನ್ ಗೆರೆ) ಎಳೆದರೆ ಅದು ಎರಡರ ನಡುವೆ ಹಾದು, ಯಾವುದನ್ನೂ ಸರಿಯಾಗಿ ಹೇಳದು. ಗುಂಪು ಮಾಡುವುದೂ ಗೆರೆ ಎಳೆಯುವುದೂ ಒಟ್ಟಿಗೇ ಆಗಬೇಕು. ಕಂಪ್ಯೂಟರ್ ಅಂದಾಜಿನ ಎರಡು ಗೆರೆ ಎಳೆದು, ಪ್ರತಿ ಚುಕ್ಕೆಯಲ್ಲಿ ಯಾವ ಗೆರೆಗೆ ಎಷ್ಟು ಪಾಲು ಎಂದು ಹಂಚಿ, ಆ ಪಾಲಿನ ತೂಕದಲ್ಲಿ ಗೆರೆಗಳನ್ನು ಮತ್ತೆ ಎಳೆಯುತ್ತದೆ. ಅವು ಅಲುಗಾಡದೆ ನಿಲ್ಲುವವರೆಗೂ ಇದೇ ಕೆಲಸ.

ಪಾಲು ಹಂಚುವಲ್ಲಿ ದಾರಿ ಕವಲೊಡೆಯುತ್ತದೆ. ಹ್ಯಾಥವೇ ಮತ್ತು ಬೆಜ್ಡೆಕ್ 1993ರಲ್ಲಿ ಮುಂದಿಟ್ಟ ಫಜ್ಜಿ ವಿಧಾನ, ಅಂದರೆ ಒಂದೇ ಚುಕ್ಕೆ ಎರಡೂ ಗುಂಪಿಗೆ ಭಾಗಶಃ ಸೇರಬಹುದೆನ್ನುವ ವಿಧಾನ, ನೋಡುವುದು ಎರಡು ಗೆರೆಗಳಿಂದಿರುವ ದೂರಗಳ ಅನುಪಾತವನ್ನು. ಸಂಭವನೀಯತೆಯ ವಿಧಾನವಾದರೋ, ಪ್ರತಿ ಉತ್ತರವೂ ಯಾವುದೋ ಒಂದೇ ಗೆರೆಯಿಂದ ಬಂದದ್ದು, ತಪ್ಪುಗಳು ಗಂಟೆಯಾಕಾರದಲ್ಲಿ ಹರಡಿವೆ ಎಂದು ಮೊದಲೇ ನಂಬಿ, ಬೇಯ್ಸ್ ಸೂತ್ರ ಹಚ್ಚುತ್ತದೆ. 1989ರಲ್ಲಿ ಡಿ ವೋ ಈ ಸ್ವರಗಳ ದತ್ತಾಂಶವನ್ನು ಹೀಗೆಯೇ ಬಿಡಿಸಿದರು.

ಚುಕ್ಕೆಯೊಂದು ಗೆರೆಗಳಿಂದ 1 ಮತ್ತು 2 ಅಳತೆ ದೂರದಲ್ಲಿದೆ ಎನ್ನಿ. ಫಜ್ಜಿ ಲೆಕ್ಕದಲ್ಲಿ (ಪಾಲು ಎಷ್ಟು ಹರಡಬೇಕೆಂದು ನಿರ್ಧರಿಸುವ ಘಾತ 2 ಆದಾಗ) ಹತ್ತಿರದ ಗೆರೆಗೆ 0.80 ಪಾಲು. ಗುಂಪುಗಳು ಸಮವಾಗಿದ್ದು ಚದುರುವಿಕೆ 1 ಆಗಿದ್ದರೆ ಸಂಭವನೀಯತೆ 0.82. ಬಹುತೇಕ ಒಂದೇ! ಈಗ ಚುಕ್ಕೆಯನ್ನು 10 ಮತ್ತು 11 ಅಳತೆ ದೂರಕ್ಕೆ ಒಯ್ಯಿರಿ. ಫಜ್ಜಿ ಹೇಳುವುದು 0.55, ಸಂಭವನೀಯತೆ ಹೇಳುವುದು 0.99997. ಎರಡೂ ಗುಂಪಿಗೆ ಸೇರದ ಚುಕ್ಕೆಯ ಬಗ್ಗೆ ಇಷ್ಟೊಂದು ಖಚಿತತೆ ನನಗೆ ಭಯ ಹುಟ್ಟಿಸುತ್ತದೆ. ಕೈತಪ್ಪಿ ದಾಖಲಾದ ಅಂಕಿಯೊಂದು ತನ್ನ ಪೂರ್ತಿ ತೂಕದಿಂದ ಒಂದು ಗೆರೆಯನ್ನು ಎಳೆದಾಡಬಲ್ಲದು. ಫಜ್ಜಿಯಲ್ಲಿ ಆ ಎಳೆತ ಹಂಚಿಹೋಗಿ ತಗ್ಗುತ್ತದೆ.

ಹಾಗಿದ್ದರೂ ಈ ಸ್ವರಗಳ ಮಟ್ಟಿಗೆ ನಾನು ಸಂಭವನೀಯತೆಯ ಕಡೆಯೇ. ಒಂದೊಂದು ಸಲಕ್ಕೂ ಕಿವಿ ಎರಡರಲ್ಲೊಂದು ದಾರಿ ಹಿಡಿದಿತ್ತು ಎಂಬುದೇ ಇಲ್ಲಿನ ಊಹೆ. ಗುಂಪುಗಳು ಎರಡೋ ಮೂರೋ ಎಂದು ತೂಗಿ ನೋಡುವ ಅಳತೆಗೋಲೂ ಆ ವಿಧಾನದ ಒಳಗಿದೆ. ಫಜ್ಜಿಯ ಘಾತ 2 ಏಕೆ, 1.5 ಏಕಲ್ಲ ಎಂಬುದನ್ನು ದತ್ತಾಂಶ ತಾನಾಗಿ ಹೇಳುವುದಿಲ್ಲ, ಬಳಸುವವರೇ ಆರಿಸಬೇಕು.