ಹಿಂದಿನ ಗಾಲಿಯ ಹಿಂದಿನ ಕಥೆ

1934ರ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ. ಪಿರನೀಸ್ ಪರ್ವತದ ಇಳಿಜಾರಿನಲ್ಲಿ ಫ್ರಾನ್ಸ್ ತಂಡದ ನಾಯಕ ಆಂಟೊನಿನ್ ಮ್ಯಾನ್ಯೆಯ ಮುಂದಿನ ಗಾಲಿ ಹಾಳಾಯಿತು. ಅದೇ ತಂಡದ ಇಪ್ಪತ್ತರ ಹರೆಯದ ರೆನೆ ವಿಯೆತೊ ತನ್ನ ಗಾಲಿ ಬಿಚ್ಚಿಕೊಟ್ಟ. ಬದಲಿ ಗಾಲಿಗೆ ಕಾಯುತ್ತ ರಸ್ತೆಬದಿಯ ಕಲ್ಲುಗೋಡೆಯ ಮೇಲೆ ಕುಳಿತು ಅತ್ತ ಆ ಹುಡುಗನ ಚಿತ್ರ ಮನೆಮಾತಾಯಿತು. ಆ ವರ್ಷ ಮ್ಯಾನ್ಯೆ ಗೆದ್ದ, ವಿಯೆತೊ ಐದನೆಯವನಾದ.

ಅದು ಮುಂದಿನ ಗಾಲಿ. ಅದರಲ್ಲಿ ಹಲ್ಲುಚಕ್ರವೂ ಇಲ್ಲ, ಸರಪಳಿಯೂ ಇಲ್ಲ. ಹಿಂದಿನ ಗಾಲಿಯನ್ನು ಒಂದು ಸೈಕಲ್ಲಿನಿಂದ ಇನ್ನೊಂದಕ್ಕೆ ಹಾಕುವುದು ಅಷ್ಟು ಸುಲಭವಲ್ಲ.

ಟೂರ್‌ನಲ್ಲಿ ಗೇರ್ ಬದಲಿಸುವ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದೇ 1937ರಲ್ಲಿ. ಅದಕ್ಕೆ ಮೊದಲು ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳಿರುತ್ತಿದ್ದವು. ಬೆಟ್ಟದ ಬುಡದಲ್ಲಿ ಸವಾರ ಇಳಿದು, ಗಾಲಿ ಬಿಚ್ಚಿ ತಿರುಗಿಸಿ ಹಾಕಿಕೊಳ್ಳಬೇಕಿತ್ತು. 1927ರಲ್ಲಿ ಇಟಲಿಯ ಕ್ರೋಚೆ ದಾವ್ನೆ ಕಣಿವೆದಾರಿಯ ಹಿಮದಲ್ಲಿ ಮರಗಟ್ಟಿದ ಬೆರಳುಗಳಿಂದ ನಟ್ಟು ಬಿಚ್ಚಲಾಗದೆ ಟುಲಿಯೊ ಕ್ಯಾಂಪಗ್ನೊಲೊ ಪರದಾಡಿದ, ಸನ್ನೆ ಎಳೆದೊಡನೆ ಗಾಲಿ ಕಳಚುವ 'ಕ್ವಿಕ್ ರಿಲೀಸ್' ಹುಟ್ಟಿದ್ದು ಆ ಪಾಡಿನಿಂದಲೇ ಎಂಬ ಪ್ರತೀತಿ ಇದೆ.

ಗಾಲಿ ಕಳಚುವುದು ಸುಲಭವಾದರೂ ಹಲ್ಲುಚಕ್ರ ಕಳಚುವುದು ಕಷ್ಟವಾಗಿಯೇ ಉಳಿಯಿತು. ನಮ್ಮ ಊರುಗಳ ಸಾಮಾನ್ಯ ಸೈಕಲ್ಲಿನಲ್ಲಿ ಇರುವಂತೆ ಫ್ರೀವೀಲನ್ನು ಹಬ್ಬಿಗೆ ತಿರುಪಿನಿಂದ ಬಿಗಿಯುತ್ತಿದ್ದರು. ತುಳಿದಷ್ಟೂ ಅದು ಬಿಗಿಯಾಗುತ್ತದೆ. ಜಪಾನಿನ ಶಿಮಾನೊ ಕಂಪನಿ 1978ರಲ್ಲಿ ಫ್ರೀವೀಲಿನ ಯಂತ್ರವನ್ನು ಹಬ್ಬಿನೊಳಗೇ ಸೇರಿಸಿದ ಫ್ರೀಹಬ್ಬನ್ನು ರಸ್ತೆ ಸ್ಪರ್ಧೆಯ ಸೈಕಲ್ಲುಗಳಿಗೆ ತಂದಿತು. ಹಲ್ಲುಚಕ್ರಗಳ ಕಟ್ಟು ಅದರ ಮೇಲಿನ ಗಾಡಿಗಳಲ್ಲಿ ಜಾರಿ ಕೂರುತ್ತದೆ. ಇದೇ ಕ್ಯಾಸೆಟ್.

ಹಾಗೆಂದು ಯಾವ ಕ್ಯಾಸೆಟ್ಟಾದರೂ ಯಾವ ಗಾಲಿಗಾದರೂ ಹೊಂದುವುದಿಲ್ಲ. ಶಿಮಾನೊ ಮತ್ತು ಕ್ಯಾಂಪಗ್ನೊಲೊ ಗಾಡಿಗಳ ಆಕಾರವೇ ಬೇರೆ. ಶಿಮಾನೊದ 8, 9, 10 ಹಲ್ಲುಚಕ್ರಗಳ ಕ್ಯಾಸೆಟ್ಟುಗಳು ಸಾಮಾನ್ಯವಾಗಿ ಒಂದೇ ಹಬ್ಬಿನ ಮೇಲೆ ಕೂರುತ್ತವೆ. 2012ರಲ್ಲಿ ಬಂದ 11ರ ರಸ್ತೆ ಕ್ಯಾಸೆಟ್ಟಿಗೆ 1.85 ಮಿಲಿಮೀಟರ್ ಹೆಚ್ಚು ಉದ್ದದ ಹಬ್ ಬೇಕಾಯಿತು. ಆ ಹಬ್ಬಿನ ಮೇಲೆ ಹಳೆಯದನ್ನು ಒಂದು ತೆಳು ಬಳೆ ಸೇರಿಸಿ ಕೂರಿಸಬಹುದು, ಆದರೆ ಹಳೆಯ ಹಬ್ಬಿಗೆ ಹೊಸದು ಸಾಮಾನ್ಯವಾಗಿ ಕೂರದು.

ಕೂತ ಮಾತ್ರಕ್ಕೆ ಕೆಲಸ ಮಾಡೀತೆಂದಲ್ಲ. ಹ್ಯಾಂಡಲ್ಲಿನ ಗೇರ್ ಸನ್ನೆ ಒಂದು 'ಟಿಕ್'ಗೆ ನಿಗದಿತ ದೂರವಷ್ಟೇ ಸರಪಳಿಯನ್ನು ಸರಿಸುತ್ತದೆ. 8ರಲ್ಲಿ ಹಲ್ಲುಚಕ್ರಗಳ ಅಂತರ 4.8 ಮಿಲಿಮೀಟರ್, 10ರಲ್ಲಿ 3.95. ಸಂಖ್ಯೆ ತಪ್ಪಿದರೆ ಗೇರು ತಪ್ಪುತ್ತದೆ. ಹೊಸ ಕ್ಯಾಸೆಟ್ಟಿನ ದೊಡ್ಡ ಚಕ್ರ ಡಿರೇಲರ್‌ನ ಮಿತಿ ಮೀರಿರಬಾರದು, ಸರಪಳಿಯೂ ಸಾಕಷ್ಟು ಉದ್ದವಿರಬೇಕು. ಸವೆದ ಸರಪಳಿ ಹೊಸ ಹಲ್ಲುಗಳ ಮೇಲೆ ಜಾರುವುದೂ ಉಂಟು.

ಬ್ರೇಕಿನ ಮಾತೂ ಇದೆ. ರಿಮ್ ಬ್ರೇಕಿನ ರಸ್ತೆ ಸೈಕಲ್ಲುಗಳಲ್ಲಿ ಹಿಂದಿನ ಹಬ್ಬಿನ ಅಗಲ ಸಾಮಾನ್ಯವಾಗಿ 130 ಮಿಲಿಮೀಟರ್, ಇಂದಿನ ಡಿಸ್ಕ್ ಬ್ರೇಕಿನವುಗಳಲ್ಲಿ 142. ಒಂದರದ್ದು ಇನ್ನೊಂದಕ್ಕೆ ಆಗದು. ಎಲ್ಲವೂ ಹೊಂದಿದರೂ ಡಿರೇಲರ್‌ನ ಮಿತಿ ತಿರುಪುಗಳನ್ನು ಪರೀಕ್ಷಿಸದೆ ರಸ್ತೆಗಿಳಿಯಬಾರದು. ಸರಪಳಿ ದಾರಿ ತಪ್ಪಿ ಅರೆಕಡ್ಡಿಗಳಿಗೆ ಸಿಕ್ಕರೆ ಗಾಲಿಯೇ ಮುರಿಯಬಹುದು.

ವಿಯೆತೊ ಅಂದು ಮರುಯೋಚನೆಯಿಲ್ಲದೆ ಗಾಲಿ ಬಿಚ್ಚಿಕೊಟ್ಟ. ಇಂದಿನ ಗೆಳೆಯ ಹಿಂದಿನ ಗಾಲಿ ಕೊಡಲು ಬಂದರೆ ಮೊದಲು ಹಲ್ಲುಚಕ್ರ ಎಣಿಸಬೇಕು.